ಲೈನ್‌ಮನ್ ಉಚ್ಚೆಂಗೆಪ್ಪನ ಮನೆಯ ಸೋಲಾರು

ನಿವೃತ್ತನಾಗಿ ಎರಡು ವರ್ಷವಾದರೂ ಲೈನ್‌ಮನ್ ಉಚ್ಚೆಂಗೆಪ್ಪನಿಗೆ ಕೂತಲ್ಲಿ ಕೂರುವುದು ಮಾತ್ರ ಬರಲಿಲ್ಲ. ಕಮಲಾಪುರದಲ್ಲಿ ಕರೆಂಟು ಹೋಯಿತೆಂದರೆ ಸಾಕು, ಅರ್ಧ ಊಟಕ್ಕೇ ತಟ್ಟೆಯಲ್ಲಿ ಕೈ ತೊಳೆದು ಬೀದಿಗೆ ಬೀಳುತ್ತಿದ್ದ. ಕುತ್ತಿಗೆ ಎತ್ತಿ ಒಂದೊಂದೇ ಕಂಬ ನೋಡುತ್ತ ಬಾಳೆ ತೋಟಗಳ ತನಕ ನಡೆಯುತ್ತಿದ್ದ. ಯಾರೂ ಕರೆದಿರುತ್ತಿರಲಿಲ್ಲ, ಯಾರೂ ಸಂಬಳ ಕೊಡುತ್ತಿರಲಿಲ್ಲ.

“ಮನ್ಯಾಗ ಕರೆಂಟು ಹೋಗದಂಗ ಆದ್ರ ಒಂದು ಕಡಿಗೆ ಕುಂದ್ರತೀರೇನು?” ಎಂದು ಹೆಂಡತಿ ಸುಂಕಲಮ್ಮ ಒಂದು ದಿನ ಬೇಸತ್ತು ಕೇಳಿದಳು.

ಆ ಮಾತು ಅವನಿಗೆ ನಾಟಿತು. ತಿಂಗಳೊಳಗೆ ತಾರಸಿ ಮೇಲೆ ಸೋಲಾರು ಹಲಗೆಗಳು ಬಂದವು. ಕೂರಿಸಲು ಹೊಸಪೇಟೆಯಿಂದ ಬಂದ ಬಸವಕುಮಾರ್, “ಸರ್, ಇದಕ್ಕ ಬ್ಯಾಟರಿ ಇಲ್ಲ. ಒಂದು ಮಾತು ತಿಳಕೊಳ್ರಿ…” ಎಂದು ಶುರು ಮಾಡಿದ.

“ಮೂವತ್ತೆರಡು ವರ್ಷ ಕಂಬ ಹತ್ತೀನಿ. ನನಗ ಕರೆಂಟಿನ ಪಾಠ ಹೇಳ್ತಿಯೇನು? ಎಲ್ಲಿ ಸೈನ್ ಹಾಕಲಿ, ತೋರ್ಸು.”

ಅಲ್ಲಿಗೆ ಪಾಠ ಮುಗಿಯಿತು. ಆದರೆ ಉಚ್ಚೆಂಗೆಪ್ಪನ ಬಾಯಿ ಮುಚ್ಚಲಿಲ್ಲ. “ಇನ್ನ ಹಗಲೊತ್ತು ಕರೆಂಟು ಹೋದ್ರ ನಮ್ಮನಿಗೆ ಬರ್ರಿ, ಫ್ಯಾನಿನ ಕೆಳಗ ಕುಂದ್ರಿ” ಎಂದು ಬೀದಿಗೆಲ್ಲ ಡಂಗುರ ಸಾರಿದ.

ಮರುವಾರವೇ ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಪಕ್ಕದ ಮನೆಯ ಚೆನ್ನಬಸಮ್ಮ ಇನ್ನಿಬ್ಬರನ್ನು ಕರೆದುಕೊಂಡು ಬಂದೇಬಿಟ್ಟಳು. ಬಂದು ನೋಡಿದರೆ ಈ ಮನೆಯ ಫ್ಯಾನೂ ನಿಂತಿತ್ತು. ಹೊರಗೆ ನೋಡಿದರೆ ತಲೆ ಸೀಳುವ ಬಿಸಿಲು.

“ಏನಣ್ಣ, ನಿನ್ನ ಸೂರ್ಯಗೂ ಲೋಡ್ ಶೆಡ್ಡಿಂಗ್ ಏನು?” ಎಂದಳು ಚೆನ್ನಬಸಮ್ಮ. ಸುಂಕಲಮ್ಮನೂ ಸೆರಗಿನ ಮರೆಯಲ್ಲಿ ನಕ್ಕಳು.

ಉಚ್ಚೆಂಗೆಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಹಳೆಯ ಇಕ್ಕಳ, ಒಂದು ತುಂಡು ವೈರು ಹಿಡಿದು ತಾರಸಿ ಹತ್ತಿದ. ಹಲಗೆಗಳ ಪಕ್ಕದ ಇನ್ವರ್ಟರ್ ಪೆಟ್ಟಿಗೆ ಬಿಚ್ಚಿ ಮನೆಗೆ ನೇರ ಕರೆಂಟು ಎಳೆದೇ ತೀರುವುದೆಂದು ಹೊರಟವನು, ಮೊದಲು ಬಸವಕುಮಾರನಿಗೆ ಬೈಯೋಣವೆಂದು ಫೋನು ಹಚ್ಚಿದ.

“ಅವತ್ತ ಹೇಳಾಕ ಬಂದಿದ್ದೆ, ಸರ್. ಹೊರಗ ಲೈನ್ ಬಂದ್ ಆದ್ರ ಇದೂ ತಾನಾಗೇ ಬಂದ್ ಆಗ್ತತಿ. ಇಲ್ಲಾಂದ್ರ ನಿಮ್ಮ ಮನಿ ಕರೆಂಟು ಲೈನಿಗೆ ಹೊಕ್ಕತಿ. ಕಂಬದ ಮ್ಯಾಲೆ ಯಾರರ ಇದ್ರ…”

ಮುಂದಿನದು ಉಚ್ಚೆಂಗೆಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಕಂಪ್ಲಿ ರಸ್ತೆಯಲ್ಲಿ ಲೈನಿನ ಸ್ವಿಚ್ಚು ಇಳಿಸಿದ್ದು ಅವನೇ. “ಬಂದ್ ಮಾಡೀನಿ, ಹತ್ತಲೇ ಗಾದಿಲಿಂಗ” ಎಂದವನೂ ಅವನೇ. ಜೊತೆಗಾರ ಗಾದಿಲಿಂಗಪ್ಪ ನಂಬಿ ಹತ್ತಿದ. ಅಷ್ಟರಲ್ಲಿ ಯಾವುದೋ ಗಿರಣಿಯವರು ಜನರೇಟರ್ ಹಚ್ಚಿದರು. ಅದರ ವೈರಿಂಗು ನೆಟ್ಟಗಿರದೆ ಕರೆಂಟು ಸತ್ತ ಲೈನಿಗೆ ತಿರುಗಿ ಬಂತು. ಗಾದಿಲಿಂಗಪ್ಪನನ್ನು ಹಗ್ಗ ಕಟ್ಟಿ ಇಳಿಸಬೇಕಾಯಿತು. ವಿಚಾರಣೆಯಲ್ಲಿ ಉಚ್ಚೆಂಗೆಪ್ಪನದು ತಪ್ಪಿಲ್ಲವೆಂದು ಬರೆದರು. ಅವನ ಮನಸ್ಸು ಮಾತ್ರ ಅದನ್ನು ಒಪ್ಪಲಿಲ್ಲ. ಕರೆಂಟು ಹೋದಾಗಲೆಲ್ಲ ಅವನು ಕಂಬ ಕಂಬ ಅಲೆಯುತ್ತಿದ್ದುದು ಮೇಲೆ ಯಾರಿದ್ದಾರೆಂದು ನೋಡುವುದಕ್ಕೇ.

ಈಗ ಅದೇ ಕೈಯಲ್ಲಿ ವೈರು ಹಿಡಿದು ನಿಂತಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಲೆಯೆತ್ತಿದರೆ ಕಾಲುವೆ ಪಕ್ಕದ ಕಂಬದ ಮೇಲೆ ಈಗಿನ ಲೈನ್‌ಮನ್ ದುರುಗೇಶ್ ಸೊಂಟಕ್ಕೆ ಬೆಲ್ಟು ಬಿಗಿದು ತಂತಿ ಬಿಗಿಯುತ್ತಿದ್ದ. ಉಚ್ಚೆಂಗೆಪ್ಪ ವೈರನ್ನು ಮಡಚಿ ಜೇಬಿಗಿಟ್ಟ. ಪೆಟ್ಟಿಗೆ ಬಂದ್ ಆಗಿದೆಯೆಂದು ತೋರುವ ಕೆಂಪು ದೀಪವನ್ನು ಒಮ್ಮೆ, ಮತ್ತೊಮ್ಮೆ ನೋಡಿದ.

“ರಿಪೇರಿ ಆತೇನ್ರಿ?” ಕೆಳಗಿನಿಂದ ಸುಂಕಲಮ್ಮ ಕೂಗಿದಳು.

“ಕೆಟ್ಟಿಲ್ಲ. ಸರಿ ಐತಿ.”

“ಸರಿ ಇದ್ರ ಇಳೀರಿ ಮತ್ತ, ಬಿಸಿಲಾಗ ಏನು ಮಾಡ್ತೀರಿ?”

ಕಾದ ತಾರಸಿಯಲ್ಲಿ ಬರಿಗಾಲು ಬದಲಿಸುತ್ತ, ಕಂಬದಿಂದ ಕಣ್ಣು ತೆಗೆಯದೆ ಅವನೆಂದ: “ಅವ ಇಳೀಲಿ. ಆಮ್ಯಾಲೆ ನಾ ಇಳೀತೀನಿ.”