ಜರ್ಮನಿಗೆ ಹೋಗಿ ಬಂದ ದೊಡ್ಡವ್ವನ ದನಿ

ದೊಡ್ಡವ್ವ ನನ್ನ ತಾಯಿಯ ಅಕ್ಕ. ಗುಂಡ್ಲುಪೇಟೆಯಿಂದ ಹೋದರೆ ತೆರಕಣಾಂಬಿಗೆ ಎರಡು ಸ್ಟಾಪ್ ಮೊದಲು ಸಿಗುವ ನಮ್ಮೂರಿನಲ್ಲಿ ಯಾರ ಮನೆಯ ಮದುವೆಯಾದರೂ ಮೊದಲ ಸೋಬಾನೆ ಪದ ಎತ್ತುತ್ತಿದ್ದವಳು ಅವಳು. ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಒನಕೆ ಹೊರಗೆ ತೆಗೆಯುವ ಮೊದಲೇ ಅವಳ ಮನೆಗೆ ಒಬ್ಬರು ಕರೆಯಲು ಹೋಗುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ಆ ಕರೆ ನಿಂತುಹೋಯಿತು. ಅದು ನಿಂತದ್ದು ನನ್ನಿಂದ. ನಡೆದದ್ದನ್ನು ನಡೆದ ಹಾಗೆ ಬರೆಯಲು ಪ್ರಯತ್ನಿಸುತ್ತೇನೆ.

ನಾನು ಆಗ ಡಿಗ್ರಿ ಮುಗಿಸಿ ಬಂಡೀಪುರದ ರಸ್ತೆಯಲ್ಲಿದ್ದ ಒಂದು ಲಾಡ್ಜಿನಲ್ಲಿ ಕೆಲಸಕ್ಕಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿದ್ದುದರಿಂದ ಪರದೇಶದವರು ಬಂದಾಗ ನನ್ನನ್ನು ಜೊತೆಗೆ ಕಳಿಸುತ್ತಿದ್ದರು. ಒಂದು ಬೇಸಗೆಯಲ್ಲಿ ಜರ್ಮನಿಯ ಹುಡುಗನೊಬ್ಬ ಬಂದ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಆನೆ ನೋಡಲು ಅವನಿಗೆ ಅವಸರವಿರಲಿಲ್ಲ. ಅಂಗೈ ಅಗಲದ ರೆಕಾರ್ಡರ್ ಹಿಡಿದು ಹಿಟ್ಟಿನ ಗಿರಣಿಯ ಬೆಲ್ಟಿನ ಸದ್ದು, ದನದ ಕೊರಳ ಗಂಟೆ, ಬಸ್ಸಿನ ಹಾರನ್ ತುಂಬಿಕೊಳ್ಳುತ್ತಿದ್ದ. ತಾನು ಹಾಡು ಮಾಡುವವನು, ತನ್ನ ಹಾಡಿನಲ್ಲಿ ಡ್ರಮ್ ಬಾರಿಸುವವರು ಯಾರೂ ಇಲ್ಲ, ಎಲ್ಲವೂ ಮಷೀನು ಎಂದ.

ನನಗೂ ಇಂಗ್ಲಿಷ್ ಹಾಡು ಗೊತ್ತು ಎಂದು ತೋರಿಸಿಕೊಳ್ಳುವ ಆಸೆಯಾಯಿತು. ಚಾಮರಾಜನಗರದ ಕ್ಯಾಸೆಟ್ ಅಂಗಡಿಯಲ್ಲಿ ಪಟ್ಟಿ ಕೊಟ್ಟು ತುಂಬಿಸಿಕೊಂಡಿದ್ದ ಡಿಸ್ಕೋ ಹಾಡುಗಳನ್ನು ಅವನಿಗೆ ಕೇಳಿಸಿದೆ. ಮೊದಲನೆಯದಕ್ಕೇ ನಕ್ಕುಬಿಟ್ಟ. "ಇದು ನಮ್ಮ ದೇಶದ್ದು" ಎಂದ. ಮುಂದಿನ ಮೂರರಲ್ಲಿ ಎರಡು ಕೂಡ ಅವರದೇ ಅಂತೆ. ಇಂಗ್ಲಿಷಿನಲ್ಲಿ ಹಾಡಿದರೆ ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದು ಹಾಗೆ ಮಾಡುತ್ತಾರೆ, ಕವರಿನ ಮೇಲೆ ಕುಣಿಯುವವರೊಬ್ಬರು, ಒಳಗೆ ಹಾಡಿದವರು ಇನ್ನೊಬ್ಬರು ಇರುವುದೂ ಉಂಟು ಎಂದು ವಿವರಿಸಿದ. ಗಣೇಶನ ಪೆಂಡಾಲಿನಲ್ಲಿ ನಾವು ಅಮೆರಿಕದ್ದೆಂದು ತಿಳಿದು ವರ್ಷಗಟ್ಟಲೆ ಕುಣಿದದ್ದು ಜರ್ಮನಿಯ ಹಾಡಿಗೆ. ನಮ್ಮ ಸಿನಿಮಾ ಹಾಡುಗಳಲ್ಲಿ ಬರುವ ಆ ಢಬ್ ಢಬ್ ಕೂಡ ಅಲ್ಲಿಂದಲೇ ಬಂದದ್ದಿರಬೇಕು ಎಂದು ನನಗೆ ಅನ್ನಿಸಿತು.

ಅವನಿಗೆ ನಮ್ಮ ಕಡೆಯ ಹೆಂಗಸರ ಹಾಡು ಬೇಕಿತ್ತು. ಊರಿಗೆ ಕರೆದುಕೊಂಡು ಹೋದೆ. ದೊಡ್ಡವ್ವ ಜಗುಲಿಯ ಮೇಲೆ ಕೂತು ಎರಡು ಸೋಬಾನೆ ಪದ ಹೇಳಿದಳು. ಅವನು ಚೆನ್ನಾಗಿದೆ ಎಂದ, ಆದರೆ ತಾಳವಿಲ್ಲದೆ ಒಬ್ಬರೇ ಎಳೆದು ಹಾಡುವಂಥದ್ದು ಇದೆಯೇ ಎಂದು ಕೇಳಿದ. ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನೇ "ಇದೆ, ಅದು ನಿಮ್ಮ ಮಷೀನಿಗೆ ಸರಿಹೋಗುತ್ತದೆ" ಎಂದೆ. ನಮ್ಮಜ್ಜ ತೀರಿಕೊಂಡ ದಿನ ದೊಡ್ಡವ್ವ ಹೇಳಿದ ಸಾವಿನ ಪದ ನನ್ನ ತಲೆಯಲ್ಲಿತ್ತು.

ಸಾವಿನ ಪದವನ್ನು ಹೆಣದ ಮುಂದೆ ಮಾತ್ರ ಹೇಳಬೇಕು. ಸತ್ತವರನ್ನು ಮೂರೇ ಸಲ ಕರೆದು ಪದ ನಿಲ್ಲಿಸಬೇಕು. ಸಾವಿಲ್ಲದ ಕಡೆ ಹೇಳಿದರೆ ಸಾವನ್ನು ಕರೆದ ಹಾಗೆ. ಹಾಗೆ ಮುತ್ತೈದೆ ಹೇಳಿದರೆ ಅದು ಅವಳ ಗಂಡನ ಆಯಸ್ಸಿಗೆ ತಾಗುತ್ತದೆ ಎಂಬುದು ನಮ್ಮೂರಿನ ನಂಬಿಕೆ. ನನಗೆ ಇದೆಲ್ಲ ಗೊತ್ತಿತ್ತು.

"ಅದ ಸುಮ್ಸುಮ್ಕೆ ಏಳಕ್ಕಾಯ್ತದಲಾ? ಯಾರು ಸತ್ತವ್ರೆ ಅಂತ ಏಳನ?" ಎಂದಳು ದೊಡ್ಡವ್ವ.

"ಊರೊಳ್ಗೆ ಬ್ಯಾಡ ದೊಡ್ಡವ್ವ, ಕೆರೆ ಏರಿ ಆಚ್ಗೆ ಓಗನ. ಅವ್ರು ತಕೊಂಡು ಅವ್ರ ದೇಸಕ್ಕೆ ಓಗ್ಬುಡ್ತರೆ. ನಮ್ ಕಡೆ ಒಬ್ರೂ ಕೇಳಲ್ಲ."

ದೊಡ್ಡವ್ವ ನನ್ನ ಮುಖ ನೋಡಿ ಕೇಳಿದಳು. "ಇದ್ರಿಂದ ನಿನ್ ಕೆಲ್ಸ ಕಾಯಮ್ಮಾಯ್ತದ ಮೊಗ?"

"ಊಂ" ಎಂದೆ. ಅದು ಸುಳ್ಳು. ಕೆಲಸಕ್ಕೂ ಈ ಹಾಡಿಗೂ ಏನೂ ಸಂಬಂಧವಿರಲಿಲ್ಲ.

ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಕೆರೆಯ ಏರಿ ದಾಟಿ, ಗಡಿಕಲ್ಲಿನಿಂದ ಆಚೆಗೆ ನಡೆದು, ಊರಿಗೆ ಬೆನ್ನು ಹಾಕಿ ಕೂತಳು. ಕರೆಯಲು ಸತ್ತವರೊಬ್ಬರು ಬೇಕಲ್ಲ. ತನ್ನ ತಾಯಿಯನ್ನು ಕರೆದಳು. ನಮ್ಮಜ್ಜಿ ಸತ್ತು ಹನ್ನೆರಡು ವರ್ಷವಾಗಿತ್ತು. ಅಜ್ಜಿಯ ತವರು ಚಂದಕವಾಡಿ. "ಚಂದಕವಾಡಿ ದಾರೀಲಿ ನಿಂತಿದ್ದೀಯಾ, ಎದ್ದು ಬಾರವ್ವ" ಎಂದು ಎಳೆದು ಮೂರು ಸಲ ಕರೆದು ನಿಲ್ಲಿಸಿದಳು. ಆಮೇಲೆ ಕೆರೆಗಿಳಿದು ಮುಖ, ಕೈಕಾಲು ತೊಳೆದುಕೊಂಡು ನನಗೂ ತೊಳೆದುಕೊಳ್ಳಲು ಹೇಳಿದಳು. ಮಣ್ಣು ಮಾಡಿ ಬಂದಾಗ ಹಾಗೆ ಮಾಡುತ್ತೇವೆ. ಯಾಕೆ ಎಂದು ಜರ್ಮನಿಯವನು ಕೇಳಿದ. ಬಿಸಿಲು ಹೆಚ್ಚು ಎಂದೆ.

ಅವನು ಒಳ್ಳೆಯವನು. ಇದನ್ನು ಮಷೀನಿನ ಹಾಡಿನೊಳಗೆ ಸೇರಿಸುತ್ತೇನೆ, ಜನ ಇದಕ್ಕೆ ಕುಣಿಯಲೂಬಹುದು, ಇವರಿಗೆ ಒಪ್ಪಿಗೆಯೇ ಎಂದು ಕೇಳು ಎಂದ. ನಾನು ದೊಡ್ಡವ್ವನ ಕಡೆ ತಿರುಗಿ, "ನಿನ್ ದನಿ ಚೆನ್ನಾಗದಂತೆ, ಮಡಿಕತ್ತರಂತೆ" ಎಂದೆ, ಇಟ್ಟುಕೊಳ್ಳುತ್ತಾರಂತೆ ಎಂದಷ್ಟೇ.

"ಮಡಿಕಳ್ಳಿ ಬುಡು" ಎಂದು ನಕ್ಕಳು.

ಒಪ್ಪಿದ್ದಾರೆ ಎಂದು ಅವನಿಗೆ ಹೇಳಿದೆ. ಎಲ್ಲವನ್ನೂ ಹೇಳಿದೆಯಾ ಎಂದು ಮತ್ತೆ ಕೇಳಿದ. ಹೇಳಿದೆ ಎಂದೆ. ಹೊರಡುವ ದಿನ ತನ್ನ ವಾಕ್‌ಮನ್ನನ್ನು ನನಗೆ ಕೊಟ್ಟು ಹೋದ.

ಮುಂದಿನ ವರ್ಷ ಲಾಡ್ಜಿನ ವಿಳಾಸಕ್ಕೆ ಪೊಟ್ಟಣವೊಂದು ಬಂತು. ಎರಡು ಕ್ಯಾಸೆಟ್. ಒಂದರ ಮೇಲೆ ನಿನ್ನ ದೊಡ್ಡಮ್ಮನಿಗೆ ಎಂದು ಬರೆದಿತ್ತು. ಅದನ್ನು ಪೆಟ್ಟಿಗೆಯ ತಳದಲ್ಲಿಟ್ಟೆ. ನನ್ನದನ್ನು ಕೇಳಿದೆ. ಮೊದಲು ಬಹಳ ಹೊತ್ತು ಢಬ್ ಢಬ್, ನಡುವೆ ನಮ್ಮ ಗಿರಣಿಯ ಬೆಲ್ಟು, ಆಮೇಲೆ ದೊಡ್ಡವ್ವ. ಅವಳು ಮೂರು ಸಲ ಕರೆದು ನಿಲ್ಲಿಸಿದ್ದನ್ನು ಮಷೀನು ನಿಲ್ಲಿಸಿರಲಿಲ್ಲ. ಚಂದಕವಾಡಿ ದಾರೀಲಿ, ಚಂದಕವಾಡಿ ದಾರೀಲಿ ಎಂದು ಎಣಿಸಲಾಗದಷ್ಟು ಸಲ ಬಂತು. ನನಗೆ ಆಗ ಆದದ್ದು ಸಂತೋಷ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಒಬ್ಬನೇ ಕೇಳಿ ಸುಮ್ಮನಿರಲಾಗಲಿಲ್ಲ. ಗುಂಡ್ಲುಪೇಟೆಯಿಂದ ನಮ್ಮೂರ ಮೇಲೆ ಹೋಗುವ ಪ್ರೈವೇಟ್ ಬಸ್ಸೊಂದರಲ್ಲಿ ಟೇಪ್ ಇತ್ತು. ಕಾಲೇಜು ಹುಡುಗರು ಆ ಬಸ್ಸಿಗೇ ಕಾಯುತ್ತಿದ್ದರು. ಊರಿಗೆ ಹೋಗುವ ಒಂದು ಸಾಯಂಕಾಲ ಬಾನೆಟ್ ಪಕ್ಕ ಕೂತು ಕ್ಯಾಸೆಟ್ಟನ್ನು ಡ್ರೈವರಿಗೆ ಕೊಟ್ಟೆ.

"ಯಾವ್ದಲಾ ಇದು? ಅಳೇ ಡಿಸ್ಕೋ ಆದ್ರೆ ಬ್ಯಾಡ" ಎಂದ ಡ್ರೈವರ್.

"ಹೊಸ್ದು ಕಣಣ್ಣ. ಜರ್ಮನಿಯಿಂದ ನನ್ಗೇ ಕಳ್ಸವ್ರೆ."

"ನಿನ್ಗಾ?" ಎಂದ ಕಂಡಕ್ಟರ್. "ನಿಮ್ಮಪ್ಪನ್ಗೆ ತೆರಕಣಾಂಬಿಯಿಂದ್ಲೇ ಒಂದ್ ಕಾಗ್ದ ಬರಲ್ಲ, ನಿನ್ಗೆ ಜರ್ಮನಿಯಿಂದ ಬತ್ತದ?"

ಎಲ್ಲರೂ ನಕ್ಕರು. ಹಾಡು ಶುರುವಾಯಿತು. ಹುಡುಗರು ಮುಂದಿನ ಸೀಟಿನ ಕಂಬಿಯ ಮೇಲೆ ತಾಳ ಹಾಕಿದರು. ಅಷ್ಟರಲ್ಲಿ ದಾರಿಯ ಒಂದು ಸ್ಟಾಪಿನಲ್ಲಿ ಈರುಳ್ಳಿ ಹೊಲದ ಕಳೆ ಕೀಳಲು ಹೋಗಿದ್ದ ನಮ್ಮೂರಿನ ಐದಾರು ಹೆಂಗಸರು ಹತ್ತಿದರು. ಕೊನೆಯವಳು ದೊಡ್ಡವ್ವ. ನನ್ನನ್ನು ನೋಡಿ ನಕ್ಕು, ಕುಳಿತಳು. ಟೇಪಿನ ಗುಂಡಿ ನನ್ನ ಕೈಗೆ ಒಂದು ಮೊಳ ದೂರದಲ್ಲಿತ್ತು. ಬಸ್ಸಿನ ಸದ್ದಿನಲ್ಲಿ ಅವಳಿಗೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡೆ. ಆಗ ಅಂದುಕೊಂಡದ್ದು ಅಷ್ಟೇ.

ದನಿ ಬಂತು. ಎರಡನೇ ಸಲಕ್ಕೇ ಹುಡುಗರು "ಚಂದಕವಾಡಿ! ಚಂದಕವಾಡಿ!" ಎಂದು ಜೊತೆಗೂಡಿದರು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಯಾರ್ಲಾ ಅದು ಚಂದಕವಾಡಿ? ಈ ಬಸ್ಸು ಅಲ್ಲಿಗೆ ಓಗಲ್ಲ, ಇಳ್ಕಳಿ ಇಳ್ಕಳಿ!" ಎಂದು ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು.

ಹೆಂಗಸರಲ್ಲಿ ಒಬ್ಬಳು ನಗುತ್ತಿದ್ದವಳು ನಿಲ್ಲಿಸಿದಳು. "ಅಕ್ಕೋ, ಇದು ನಿನ್ ದನಿಯಲ್ವಾ? ನಿಮ್ಮವ್ವ ತಾನೇ ಚಂದಕವಾಡಿಯೋಳು?"

"ಸಾವಿನ ಪದ ಕಣಮ್ಮಿ ಇದು" ಎಂದಳು ಇನ್ನೊಬ್ಬಳು. "ಇವ್ಳ ಗಂಡ ಗುಂಡ್ಕಲ್ಲಿನಂಗೆ ಅವ್ನೆ, ಯಾರ್ಗೆ ಏಳಿದ್ದು ಇದ್ನ?"

ದೊಡ್ಡವ್ವ ನನ್ನ ಕಡೆ ನೋಡಿದಳು. "ನಿಲ್ಸು ಮೊಗ" ಎಂದಳು. ಜೋರಾಗಿ ಅಲ್ಲ.

"ಯಾಕವ್ವ, ಚೆನ್ನಾಗದಲ್ಲ!" ಎಂದ ಡ್ರೈವರ್.

ಗುಂಡಿ ಒತ್ತಿದರೆ ಕ್ಯಾಸೆಟ್ ನನ್ನದೆಂದು ನಮ್ಮೂರಿನ ಹೆಂಗಸರಿಗೆ ತಿಳಿಯುತ್ತಿತ್ತು. ನನ್ನ ಕೈ ತೊಡೆಯ ಮೇಲಿಂದ ಏಳಲಿಲ್ಲ. ಮುಂದಿನ ಸ್ಟಾಪಿನಲ್ಲಿ ದೊಡ್ಡವ್ವ ಇಳಿದುಬಿಟ್ಟಳು. ಊರು ಇನ್ನೂ ಒಂದೂವರೆ ಮೈಲಿ ಇತ್ತು. ಬಸ್ಸು ಹೊರಟಿತು. ಹಾಡು ಮುಗಿದಿರಲಿಲ್ಲ.

ಎರಡು ದಿನ ಬಿಟ್ಟು ಊರ ಯಜಮಾನರು ಅವಳನ್ನು ಚಾವಡಿಗೆ ಕರೆಸಿದರು. ನಾನು ಕಂಬದ ಪಕ್ಕದಲ್ಲಿ ನಿಂತಿದ್ದೆ.

"ಯಾರಮ್ಮಿ ನಿನ್ ಕೈಲಿ ಅದ ಏಳಿಸ್ದೋರು?"

"ಯಾರೂ ಏಳುಸ್ನಿಲ್ಲ. ಯಾರೋ ಬಿಳಿಯವ್ರು ಬಂದಿದ್ರು, ಕೇಳುದ್ರು, ಏಳ್ದಿ."

"ಬಿಳಿಯೋನ್ಗೆ ಕನ್ನಡ ಬತ್ತಿತ್ತಾ?"

ಕೂತಿದ್ದವರು ನಕ್ಕರು. ದೊಡ್ಡವ್ವ ನಗಲಿಲ್ಲ. "ಬತ್ತಿತ್ತು" ಎಂದಳು.

ಇಬ್ಬರು ನನ್ನ ಕಡೆ ತಿರುಗಿ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ. ದಂಡ ಹಾಕಲಿಲ್ಲ, ಬೈಯಲೂ ಇಲ್ಲ. ಆ ವೈಶಾಖದಲ್ಲಿ ಊರಲ್ಲಿ ನಾಲ್ಕು ಮದುವೆಯಾದವು. ಸೋಬಾನೆಗೆ ತೆರಕಣಾಂಬಿಯಿಂದ ಹೆಂಗಸರನ್ನು ಕರೆಸಿದರು. ಅವಳನ್ನು ಊಟಕ್ಕೆ ಮಾತ್ರ ಕರೆದರು.

ದಶಕದ ಕೊನೆಯಲ್ಲಿ ನನ್ನ ಮದುವೆ. ಅಷ್ಟರಲ್ಲಿ ನನ್ನ ಕೆಲಸ ತಾನಾಗಿಯೇ ಕಾಯಂ ಆಗಿತ್ತು. ಅವ್ವ, "ನನ್ ಮಗನ್ ಮದ್ವೇಲಾದ್ರೂ ನಮ್ಮಕ್ಕನೇ ಎತ್ಲಿ" ಎಂದಳು. ಹೆಣ್ಣಿನ ಕಡೆಯವರು ಮುಖ ಮುಖ ನೋಡಿಕೊಂಡರು. ಎಲ್ಲರೂ ನನ್ನನ್ನು ನೋಡಿದರು. ಹೇಳಿಸಿದವನು ನಾನು, ತಪ್ಪು ಅವಳದಲ್ಲ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. "ನಿಮ್ಮಿಷ್ಟ" ಎಂದೆ.

ದೊಡ್ಡವ್ವ ಬಂದಳು. ಚಪ್ಪರದ ಹಿಂದಿನ ಸಾಲಿನಲ್ಲಿ ಕೂತಳು. ಯಾರ ಆಯಸ್ಸಿಗೆ ತಾಗುತ್ತದೆ ಎಂದು ಊರೆಲ್ಲ ಹೆದರಿತ್ತೋ ಆ ದೊಡ್ಡಪ್ಪ ಸಾರಿನ ಬಕೆಟ್ ಹಿಡಿದು ಓಡಾಡುತ್ತಿದ್ದರು. ನನ್ನನ್ನು ಹಸೆಮಣೆಯ ಮೇಲೆ ಕೂರಿಸಿದಾಗ ತೆರಕಣಾಂಬಿಯ ಹೆಂಗಸರು ಪದ ಎತ್ತಿದರು. ಮೂರನೇ ನುಡಿಗೆ ಬಂದು ಅವರಿಗೆ ಮರೆತುಹೋಯಿತು. ಪದ ಅಲ್ಲಿಗೇ ನಿಂತಿತು. ನಮ್ಮೂರಿನ ಹೆಂಗಸರೆಲ್ಲ ತಾವಾಗಿಯೇ ಹಿಂದಿನ ಸಾಲಿನ ಕಡೆ ತಿರುಗಿದರು. ದೊಡ್ಡವ್ವನ ತುಟಿ ಆಡುತ್ತಿತ್ತು. ಆ ಸಾಲು ಅವಳ ಬಾಯಲ್ಲಿತ್ತು. ಅವಳು ನನ್ನನ್ನು ನೋಡಿದಳು, ಬಸ್ಸಿನಲ್ಲಿ ನೋಡಿದ ಹಾಗೆಯೇ. ನಾನು ತಲೆಯಾಡಿಸಿದ್ದರೂ ಸಾಕಿತ್ತು. ಬಾಸಿಂಗ ಜಾರುತ್ತಿದೆ ಎಂಬಂತೆ ಅದನ್ನು ಹಿಡಿದುಕೊಂಡು ಕೂತೆ. ತೆರಕಣಾಂಬಿಯವರು ಆ ನುಡಿಯನ್ನು ಬಿಟ್ಟು ಮುಂದಿನದಕ್ಕೆ ಹೋದರು.