ತಟ್ಟೆಯ ತಳದ ಅಮೆರಿಕ

ಆಗೆಲ್ಲ ದಿಬ್ಬೂರಹಳ್ಳಿಯ ನಮ್ಮ ಮನೆಗೆ ದಿನಪತ್ರಿಕೆ ಎರಡು ಸಲ ಉಪಯೋಗಕ್ಕೆ ಬರುತ್ತಿತ್ತು. ಬಂದ ದಿನ ತಾತ ಓದುವುದಕ್ಕೆ. ವರ್ಷ ಕಳೆದ ಮೇಲೆ ಅಟ್ಟದಿಂದ ಇಳಿಸಿ ರೇಷ್ಮೆಹುಳುವಿನ ತಟ್ಟೆಗೆ ಹಾಸುವುದಕ್ಕೆ. ಹುಳು ಸಾಕಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿದಿರಿನ ತಟ್ಟೆ, ಅದರ ಮೇಲೆ ಪತ್ರಿಕೆ, ಮೇಲೆ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ತುಂಬ ಹುಳು. ಹಸಿ ಸೊಪ್ಪು, ಹಿಕ್ಕೆ, ಸುಣ್ಣ ಸೇರಿದ ಆ ವಾಸನೆ ನಮ್ಮ ಯೂನಿಫಾರಂಗೂ ಹತ್ತಿರುತ್ತಿತ್ತು. ಯಾರ ಮನೆಯಲ್ಲಿ ಹುಳುವಿನ ಬೆಳೆ ಇದೆ ಎಂದು ತರಗತಿಯಲ್ಲಿ ಮೂಗೇ ಹೇಳುತ್ತಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ ಮನೆಯವರೆಲ್ಲ ಪತ್ರಿಕೆಯಲ್ಲಿ ಹುಡುಕುತ್ತಿದ್ದುದು ಅಮೆರಿಕದ ಅಧ್ಯಕ್ಷ ಚುನಾವಣೆಯ ಸುದ್ದಿ. ನಗಬೇಡಿ. ನಮ್ಮೂರ ಪಂಚಾಯಿತಿ ಚುನಾವಣೆಗೂ ಅಮ್ಮ ಅಷ್ಟು ಕಿವಿಗೊಟ್ಟವಳಲ್ಲ. ಅಪ್ಪ ಕುವೈತಿನಲ್ಲಿ ಲಾರಿ ಡ್ರೈವರ್. ಯುದ್ಧ ಶುರುವಾದ ಮೇಲೆ ಅವರ ಕಂಪನಿಯ ಲಾರಿಗಳು ಗಡಿ ದಾಟಿ, ಇರಾಕಿನೊಳಗಿನ ಅಮೆರಿಕದ ಸೈನ್ಯಕ್ಕೆ ಕುಡಿಯುವ ನೀರು ಒಯ್ಯತೊಡಗಿದ್ದವು. ದಾರಿಯಲ್ಲಿ ಡ್ರೈವರುಗಳನ್ನು ಹಿಡಿದುಕೊಂಡು ಹೋಗುತ್ತಾರೆಂಬ ಸುದ್ದಿ ಬಂದಾಗಿನಿಂದ ಅಮ್ಮ ಮುದ್ದೆ ಮುರಿಯುವಳು, ಗಂಟಲಲ್ಲಿ ಇಳಿಯದು. ಅಪ್ಪ ಅದುವರೆಗೆ ಗಡಿಯ ಈಚೆಗೇ ಓಡಿಸುತ್ತಿದ್ದರು. ಈಗ ಒಳಗೆ ಹೋಗುವ, ಹೆಚ್ಚು ಸಂಬಳದ ಡ್ಯೂಟಿಗೆ ಬಾಯಿಮಾತಿನಲ್ಲಿ ಒಪ್ಪಿಬಿಟ್ಟಿದ್ದರು. ಸಹಿಯೊಂದು ಬಾಕಿ.

ಶುಕ್ರವಾರ ಅವರಿಗೆ ರಜೆ. ಡೈರಿ ಪಕ್ಕದ ಫೋನ್ ಬೂತಿಗೆ ಫೋನ್ ಮಾಡುತ್ತಿದ್ದರು. "ಅಮೆರಿಕದಲ್ಲಿ ಹೊಸಬ ಗೆದ್ರೆ ಯುದ್ಧ ನಿಲ್ಲಿಸ್ತಾನಂತೆ, ಆಗ ಒಳಗೆ ಹೋದ್ರೂ ಭಯ ಇಲ್ಲ. ಹಳಬನೇ ಬಂದ್ರೆ ಕಷ್ಟ. ಏನ್ಮಾಡ್ಲಿ ಅಂತ ತಾತನ್ನ ಕೇಳಮ್ಮ," ಎಂದರು ನನಗೆ.

ತಾತನಿಗೆ ತೀರ್ಮಾನ ಮುಂದೂಡಬೇಕೆನಿಸಿದಾಗ ಬಾಯಿಗೆ ತೆಲುಗು ಬರುತ್ತಿತ್ತು. "ಚೂದ್ದಾಂ," ಅಂದರು. ನೋಡೋಣ ಅಂತ.

ನಮ್ಮ ಗೂಡು ಕೊಂಡು ನೂಲು ತೆಗೆಯುತ್ತಿದ್ದ ರೀಲರು ಬಾಬು ಸಾಬ್ರು ಶಿಡ್ಲಘಟ್ಟದವರು. ಬೆಳೆ ಹೇಗಿದೆಯೆಂದು ವಿಚಾರಿಸಲು ಬರುವರು. ಹುಳು ದೊಡ್ಡದಾಗುವಾಗ ಹೊರಗಿನವರನ್ನು ಹುಳುಮನೆಯೊಳಗೆ ಬಿಡುವ ರೂಢಿಯಿಲ್ಲ. ಅವರು ಜಗಲಿಯಲ್ಲೇ ಕೂತು, ಬೇಯಿಸಿದ ಕಡಲೆಕಾಯಿ ಸುಲಿಯುತ್ತ ತಾತನ ಜೊತೆ ಅಮೆರಿಕವನ್ನು ತೂಗುತ್ತಿದ್ದರು.

"ಬುಟ್ಟೀಲಿ ಮೇಲಿರೋ ಗೂಡು ಎಲ್ಲಾರ್ದೂ ಚೆನ್ನಾಗೇ ಇರ್ತದೆ ಗೌಡ್ರೇ. ತಳಕ್ಕೆ ಕೈ ಹಾಕ್ಬೇಕು. ಹೊಸಬ ಈಗ ಏನಂತಾನೆ ಅಲ್ಲ, ಆವಾಗ ಏನಂದಿದ್ದ?" ಎಂದರು ಒಂದು ದಿನ ಸಾಬ್ರು.

ಆ ತಳಕ್ಕೆ ಹೋದ ಕೈ ನನ್ನದು. ಮಾರನೇ ದಿನ ಹಿಕ್ಕೆ ತೆಗೆದು ಹಾಸು ಬದಲಿಸುವಾಗ, ಹಸಿರು ಕಲೆಯಾದ ಹಳೆಯ ಪುಟದಲ್ಲಿ ಹೊಸಬನ ಮುಖ ಕಂಡಿತು. ಕೆಳಗಿನ ಸುದ್ದಿ ಓದಿದೆ. ಅಲ್ಲಿನ ಸಂಸತ್ತು ಯುದ್ಧಕ್ಕೆ ಅನುಮತಿ ಕೊಡುವಾಗ ಅವನೂ ಕೈ ಎತ್ತಿದ್ದ. ಅವನ ಗೆಲುವಿಗಾಗಿ ಅಮ್ಮ ದೇವರಿಗೆ ಮುಡಿಪು ಕಟ್ಟಿದ್ದಳು.

ಸಾಬ್ರು ಬಂದಾಗ ಜಗಲಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ.

"ನೋಡಿದ್ರಾ? ಆವತ್ತು ಹೂಂ, ಇವತ್ತು ಊಹೂಂ. ಇವನ್ನ ಹೆಂಗೆ ನಂಬೋದು? ಹಳಬ ಮೊಂಡ ಇರ್ಬೌದು, ಆದ್ರೆ ಒಂದೇ ಮಾತು," ಎಂದರು ಸಾಬ್ರು.

ಆಡಿದ ಮಾತಿಗೆ ತಪ್ಪದವರೆಂದು ಸುತ್ತಲ ಹಳ್ಳಿಗಳಲ್ಲಿ ತಾತನಿಗೆ ಹೆಸರು. ಸಾಬ್ರ ಮಾತನ್ನು ಒಪ್ಪಿಬಿಡುತ್ತಾರೆಂದುಕೊಂಡೆ. ಒಪ್ಪಲಿಲ್ಲ.

"ಸಾಬ್ರೇ, ಹುಳಕ್ಕೆ ಹಾಕ್ತೀನಿ ಅಂತ ಸೊಪ್ಪು ಕೊಯ್ಸಿದೆ. ಮಳೆಗೆ ನೆಂದೋಯ್ತು ಅನ್ಕೊಳಿ. ಹೇಳಿದ್ದೀನಿ ಅಂತ ಅದನ್ನೇ ಹಾಕ್ಲಾ?"

"ಹಾಕಿದ್ರೆ ಹುಳ ಸಾಯ್ತವೆ."

"ಮತ್ತೆ? ತಿಳಿದ್ಮೇಲೆ ಬೇಡ ಅನ್ನೋದು ತಪ್ಪಾ?"

"ತಪ್ಪಲ್ಲ ಗೌಡ್ರೇ. ಆದ್ರೆ ಹಾಕೋಕೆ ಮುಂಚೆ ಮುಟ್ಟಿ ನೋಡ್ಬೇಕಲ್ವಾ? ಹೊಸಬ ಹಾಕಿದ್ಮೇಲೆ ನೋಡ್ದ. ಹಳಬ ಇನ್ನೂ ನೋಡ್ಲೇ ಇಲ್ಲ."

ಬಾಗಿಲಲ್ಲಿ ಸೊಪ್ಪಿನ ಮಂಕರಿ ಹಿಡಿದು ನಿಂತಿದ್ದ ಅಮ್ಮ ಎಂದೂ ತಾತನೆದುರು ಬಾಯಿ ಬಿಟ್ಟವಳಲ್ಲ. "ನೆಂದ ಸೊಪ್ಪು ಯಾರು ಹಾಕಿದ್ರೇನು ಮಾವ? ಸಾಯೋದು ಹುಳ ತಾನೆ?" ಎಂದು ಒಳಗೆ ಹೋದಳು.

ಆ ಶುಕ್ರವಾರ ಬೂತಿಗೆ ಮೂವರೂ ಹೋದೆವು. ಫಲಿತಾಂಶ ಬರುವ ತನಕ ಸಹಿ ಹಾಕದೆ ಕಾಯು ಎಂದು ತಾತ ಹೇಳಿದರು. ಅಮ್ಮ ಫೋನ್ ತೆಗೆದುಕೊಂಡಳು. "ಹುಳ ಹಣ್ಣಾಗ್ತಾ ಇದಾವೆ. ಕೈ ಸಾಲ್ತಿಲ್ಲ. ಬಂದ್ಬಿಡಿ," ಅಷ್ಟೇ.

"ಮಾತು ಕೊಟ್ಟಿದ್ದೀನಲ್ಲೇ," ಎಂದ ಅಪ್ಪನ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

ಹಳಬನೇ ಗೆದ್ದ. ಅದೇ ವಾರ ಹುಳುಗಳೆಲ್ಲ ಹಣ್ಣಾಗಿ ಮೈ ಹಳದಿಗಟ್ಟಿ ತಲೆಯೆತ್ತಿದವು. ಗೂಡು ಕಟ್ಟಲು ಅವನ್ನು ಆರಿಸಿ, ಬಿದಿರಿನಲ್ಲಿ ಸುರುಳಿ ಹೆಣೆದ ಚಂದ್ರಿಕೆಗೆ ಬಿಡುವ ಕೆಲಸದಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಶುಕ್ರವಾರ ಬಂತು. ಫೋನ್ ಬರಲಿಲ್ಲ. ಅಮ್ಮ ಪತ್ರಿಕೆ ಮುಟ್ಟುವುದನ್ನೇ ಬಿಟ್ಟಳು. ನಾನು ಮಾತ್ರ ಕದ್ದು ಓದುತ್ತಿದ್ದೆ. ಡ್ರೈವರ್ ಎಂಬ ಪದ ಕಂಡರೆ ಕಣ್ಣು ಮುಚ್ಚಿಕೊಂಡು, ಆಮೇಲೆ ಮುಂದಿನ ಸಾಲು.

ಮುಂದಿನ ಶುಕ್ರವಾರ ಬೂತಿನವರು ಕೂಗಿದಾಗ ಓಡಿದವಳು ನಾನು.

"ಸಹಿ ಹಾಕ್ಲಿಲ್ಲ ಕಣಮ್ಮ. ಬೇಡ ಅಂದ್ಬಿಟ್ಟೆ. ಬೈದ್ರು, ಕಂಪನಿ ರೂಮಿಂದ ಆಚೆ ಕಳಿಸಿದ್ರು, ಅದಕ್ಕೇ ಫೋನ್ ಮಾಡಕ್ಕಾಗ್ಲಿಲ್ಲ. ಬರ್ತಾ ಇದೀನಿ. ಮಾತು ತಪ್ಪಿದೆ ಅಂತ ತಾತಂಗೆ ಹೇಳ್ಬಿಡು, ನಂಗೆ ಬಾಯಿ ಬರಲ್ಲ."

ತಾತ ಚಂದ್ರಿಕೆಯಿಂದ ಗೂಡು ಬಿಡಿಸುತ್ತಿದ್ದರು. ಹೇಳಿದೆ. ಕೈಯಲ್ಲಿದ್ದ ಗೂಡು ಮಾಗಿದೆಯೇ ಎಂದು ಕಿವಿಯ ಬಳಿ ಅಲ್ಲಾಡಿಸಿ ಬುಟ್ಟಿಗೆ ಹಾಕಿದರು. "ಒಳ್ಳೇದು ಮಾಡ್ದ ನನ್ ಮಗ," ಎಂದು ಮುಂದಿನ ಗೂಡಿಗೆ ಕೈ ಹಾಕಿದರು. ಒಳಗೆ ಅಮ್ಮ ಜೋರಾಗಿ ಅತ್ತಳು. ಆ ಸಂಜೆ ಅವರೆಕಾಳಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು, ಎಲ್ಲರೂ ಬಡಿಸಿಕೊಂಡು ಉಂಡೆವು.

ಈಗ ನಮ್ಮ ಹುಳುಮನೆಯಲ್ಲಿ ತಟ್ಟೆಗಳಿಲ್ಲ. ಸ್ಟ್ಯಾಂಡಿನ ಮೇಲೆ ಕಡ್ಡಿ ಸಮೇತ ಸೊಪ್ಪು ಹಾಕುತ್ತಾರೆ. ಮನೆಗೆ ಪತ್ರಿಕೆಯೂ ಬರುವುದಿಲ್ಲ. ತಾತ, ಸಾಬ್ರು ಇಬ್ಬರೂ ಹೋದರು. ಅಮೆರಿಕದಲ್ಲಿ ಚುನಾವಣೆ ಬಂದರೆ ಯಾರು ಯುದ್ಧದ ಬಗ್ಗೆ ಏನೆಂದರು ಎಂಬುದು ಫೋನಿನಲ್ಲಿ ಕ್ಷಣದಲ್ಲಿ ಸಿಗುತ್ತದೆ. ನಾನು ನೋಡುತ್ತೇನೆ, ಬೆರಳಲ್ಲಿ ಸರಿಸುತ್ತೇನೆ. ನಮ್ಮವರು ಯಾರೂ ಇಲ್ಲದ ಯುದ್ಧ. ಅನ್ನ ಗಂಟಲಲ್ಲಿ ಸರಾಗವಾಗಿ ಇಳಿಯುತ್ತದೆ.

ಅಪ್ಪನಿಗೆ ಮಾತ್ರ ಇಳಿಯುವುದಿಲ್ಲ. ಅವರು ಬೇಡವೆಂದ ಆ ಲಾರಿಯನ್ನು ರಾಯಚೋಟಿ ಕಡೆಯ ಡ್ರೈವರೊಬ್ಬ ಒಪ್ಪಿಕೊಂಡನಂತೆ. ಅವನು ಏನಾದನೋ ಅಪ್ಪನಿಗೆ ಗೊತ್ತಿಲ್ಲ. ಮೊನ್ನೆ ಊಟದ ಹೊತ್ತಿಗೆ ಟಿವಿಯಲ್ಲಿ ಯಾವುದೋ ಮರಳುಗಾಡಿನ ದಾರಿ, ಸಾಲು ಲಾರಿಗಳು. ಯುದ್ಧ ಯಾವುದು, ಅಧ್ಯಕ್ಷ ಯಾರು, ಅಪ್ಪ ಕೇಳಲಿಲ್ಲ. ತುತ್ತು ಕೈಯಲ್ಲೇ ಹಿಡಿದು ಪರದೆಯ ಹತ್ತಿರ ಬಾಗಿದರು.

"ಡ್ರೈವರ್ ಸೀಟಲ್ಲಿ ಯಾರಿದಾರೆ, ನಿಂಗೆ ಕಾಣಿಸ್ತದೇನಮ್ಮಾ?"