ಕಾಂದಿವಲಿಯ ವಾಸನೆ

ನಾನು ಚಿಕ್ಕವನಿದ್ದಾಗ, ಒಂದು ಮೇ ತಿಂಗಳ ಬೆಳಿಗ್ಗೆ, ಅಮ್ಮನಿಗೆ ಹೇಳದೆ ಅಕ್ಕನ ಜೊತೆ ಮುಂಬಯಿಯಲ್ಲಿ ನಮ್ಮ ಮನೆಯಿದ್ದ ಸಯನ್‌ನಿಂದ ಕಾಂದಿವಲಿಗೆ ಹೊರಟೆ. ಆ ದಿನ ಏನೇನು ಕೆಡಬಹುದಿತ್ತು ಎಂಬುದು ನನಗೆ ಇವತ್ತಿಗೂ ಬಾಯಿಪಾಠ. ದಾದರ್‌ನ ಮೇಲ್ಸೇತುವೆಯಲ್ಲಿ ಅಕ್ಕನ ಕೈ ಜಾರಿ, ನಾನು ಜನರ ನಡುವೆ ತೇಲಿಕೊಂಡು ಹೋಗಿ ನಾಗಪುರದ ಗಾಡಿಯೊಳಗೆ ಬೀಳಬಹುದಿತ್ತು. ಟಿ.ಸಿ. ಬಂದು ನಮ್ಮ ಅರ್ಧ ಟಿಕೆಟನ್ನೂ ಅಕ್ಕನ ಎತ್ತರವನ್ನೂ ಹೋಲಿಸಿ ನೋಡಿ ಇಬ್ಬರನ್ನೂ ಒಳಗೆ ಹಾಕಬಹುದಿತ್ತು. ಮಾಹಿಮ್ ಖಾಡಿಯ ಹಿನ್ನೀರಿನ ಮೇಲೆ ಹೋಗುವಾಗ ಸೇತುವೆ ಮುರಿಯಬಹುದಿತ್ತು. ಗೋಣಿಚೀಲದಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವವನು ಅದೇ ಬೋಗಿಯಲ್ಲಿ ಇರಬಹುದಿತ್ತು. ಗೋಣಿಚೀಲದವನೊಬ್ಬ ಇದ್ದ ಕೂಡ, ಆದರೆ ಅದರೊಳಗಿದ್ದದ್ದು ಕೋಸು. ಎಲ್ಲಕ್ಕಿಂತ ಭಯಂಕರವಾದದ್ದೆಂದರೆ, ಅಕ್ಕ ಹೇಳಿದ್ದು ನಿಜವಾಗಬಹುದಿತ್ತು.

ಅಕ್ಕನಿಗೆ ಒಂದು ಶಕ್ತಿ ಇತ್ತು. ಮಕ್ಕಳೇ, ನೀವು ಓದುವ ಪುಸ್ತಕಗಳಲ್ಲಿ ಹುಡುಗರು ಹಾರುತ್ತಾರೆ, ಮಾಯವಾಗುತ್ತಾರೆ, ಬೆಂಕಿ ಉಗುಳುತ್ತಾರೆ. ಅಕ್ಕನದು ಅಂಥದ್ದೇನಲ್ಲ. ಅವಳದು ಮೂಗಿನ ಶಕ್ತಿ. ನಿಮಗೂ ನನಗೂ ಒಬ್ಬರ ಮೈಯಿಂದ ಅವರು ಹೋಗಿಬಂದ ಜಾಗದ ವಾಸನೆ ಬರುತ್ತದೆ. ಮೀನಿನ ಮಾರ್ಕೆಟ್ಟಿಗೆ ಹೋಗಿದ್ದರೆ ಮೀನು, ಆಸ್ಪತ್ರೆಗೆ ಹೋಗಿದ್ದರೆ ಡೆಟಾಲು. ಅಕ್ಕನಿಗೆ ಬರುತ್ತಿದ್ದದ್ದು ಅವರು ಹೋಗಲಿರುವ ಜಾಗದ ವಾಸನೆ. ದಾದರ್‌ಗೆ ಹೋಗುವವರು ಚೆಂಡುಹೂವು ಮತ್ತು ಒದ್ದೆ ಎಲೆಯಂತೆ ಘಮ್ಮೆನ್ನುತ್ತಿದ್ದರಂತೆ. ಮಸ್ಜಿದ್ ಬಂದರಿನವರು ಜೀರಿಗೆ, ಒಣಮೆಣಸಿನಕಾಯಿ. ಕುರ್ಲಾದವರು ತುಕ್ಕು ಹಿಡಿದ ಕಬ್ಬಿಣ. ನಮ್ಮ ಅಪ್ಪ ದಿನಾ ಬೆಳಿಗ್ಗೆ ಹಳೇ ಫೈಲಿನ ಧೂಳು ಮತ್ತು ಟೈಪ್‌ರೈಟರಿನ ಶಾಯಿ; ಅವರ ಆಫೀಸು ನಮ್ಮ ಲೈನಿನ ಕೊನೆಯ ಸ್ಟೇಷನ್ ವಿ.ಟಿ.ಯ ಹತ್ತಿರ ಇತ್ತು.

ಮುಂಬಯಿಯ ಲೋಕಲ್‌ನಲ್ಲಿ ನಿಂತವರು ಕೂತವರನ್ನು "ಎಲ್ಲಿ ಇಳೀತೀರಿ?" ಎಂದು ಕೇಳುವುದು ವಾಡಿಕೆ. ಯಾರು ಮೊದಲು ಕೇಳಿದರೋ ಸೀಟು ಅವರದ್ದು. ಅಕ್ಕ ಯಾರನ್ನೂ ಕೇಳುತ್ತಿರಲಿಲ್ಲ. ಬೋಗಿ ಹತ್ತಿದವಳೇ ಒಮ್ಮೆ ಮೂಗೆತ್ತಿ, ನನ್ನ ಅಂಗಿ ಹಿಡಿದು ಎಳೆದುಕೊಂಡು ಹೋಗಿ ಒಬ್ಬರ ಮಂಡಿಯ ಮುಂದೆ ನಿಲ್ಲಿಸುತ್ತಿದ್ದಳು. ಮುಂದಿನ ಸ್ಟೇಷನ್ನಿನಲ್ಲಿ ಅವರು ಎದ್ದೇ ಏಳುತ್ತಿದ್ದರು. ಈ ಗುಟ್ಟು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನನಗೆ ಯಾವ ಶಕ್ತಿಯೂ ಇರಲಿಲ್ಲ. ನನಗಿದ್ದದ್ದು ಅನುಮಾನ.

ಆ ಬೇಸಿಗೆಯಲ್ಲಿ ಅನುಮಾನಕ್ಕೆ ಕಾರಣವೂ ಇತ್ತು. ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿದ್ದ ನನ್ನ ಗೆಳೆಯನ ಅಪ್ಪ ಒಂದು ಬೆಳಿಗ್ಗೆ ಎಂದಿನಂತೆ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟವರು ಸಂಜೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಅವರಿಗೇನೂ ಆಗಿರಲಿಲ್ಲವಂತೆ, ಬೇರೆಲ್ಲೋ ಇದ್ದಾರಂತೆ ಎಂದು ದೊಡ್ಡವರು ದನಿ ತಗ್ಗಿಸಿ ಮಾತಾಡಿಕೊಳ್ಳುತ್ತಿದ್ದರು. ಗೆಳೆಯನ ಅಮ್ಮ ಆಮೇಲೂ ಸಂಜೆ ಹೊತ್ತು ಗ್ಯಾಲರಿಯಲ್ಲಿ ನಿಂತು ಬೀದಿ ನೋಡುತ್ತಿದ್ದರು. ಅಪ್ಪಂದಿರು ಹೀಗೂ ಮಾಡಬಹುದು ಎಂಬುದು ನನಗೆ ಹೊಸ ವಿಷಯ. ಅಂದಿನಿಂದ ನಾನು ನಮ್ಮ ಅಪ್ಪನ ಮೇಲೆ ಒಂದು ಕಣ್ಣಿಟ್ಟಿದ್ದೆ.

ನಮ್ಮ ಮನೆಯಲ್ಲಿ ಮಕ್ಕಳಿಗೆ ಮುತ್ತು ಕೊಡುವ ಪದ್ಧತಿ ಇರಲಿಲ್ಲ; ನೆತ್ತಿ ಮೂಸುತ್ತಿದ್ದರು. ಆಫೀಸಿಗೆ ಹೊರಡುವ ಮುನ್ನ ಅಪ್ಪ ಬಗ್ಗಿ, ಹರಳೆಣ್ಣೆ ಹಚ್ಚಿದ ನಮ್ಮ ತಲೆಯನ್ನು ಒಮ್ಮೆ ಮೂಸಿ ಚಪ್ಪಲಿ ಮೆಟ್ಟುತ್ತಿದ್ದರು. ಆ ಬೆಳಿಗ್ಗೆ ಅವರು ನನ್ನ ನೆತ್ತಿ ಮೂಸಿದರು, ಅಕ್ಕನದು ಮೂಸಿದರು, ತಿರುಗಿ ನನ್ನದನ್ನು ಮತ್ತೆ ಮೂಸಿದರು. ಮುಖ ಸಣ್ಣದಾಯಿತು. ಒಳಗೆ ಹೋಗಿ ಅಮ್ಮನ ಪಕ್ಕದಲ್ಲಿ ಸುಮ್ಮನೆ ಒಂದು ಗಳಿಗೆ ನಿಂತರು.

"ಏನ್ರೀ, ಡಬ್ಬಿ ಬಾಗಿಲ ಹತ್ರಾನೇ ಇಟ್ಟಿದೀನಲ್ಲ," ಎಂದಳು ಅಮ್ಮ.

"ಗೊತ್ತು, ಗೊತ್ತು," ಎಂದು ಅಪ್ಪ ಮೆಟ್ಟಿಲಿಳಿದರು. ಚಪ್ಪಲಿಯಲ್ಲ, ಶೂ ಹಾಕಿದ್ದರು. ನಾನು ಗಮನಿಸಿದೆ. ಹೋಗಿ ಬರುವವರಿಗೆ ಶೂ ಯಾಕೆ?

ಅಕ್ಕ ನನ್ನನ್ನು ಗ್ಯಾಲರಿಯ ಮೂಲೆಗೆ ಎಳೆದಳು. ಅವಳ ಮೂಗಿನ ಹೊಳ್ಳೆ ಅರಳಿತ್ತು.

"ಅಪ್ಪ ಇವತ್ತು ಆಫೀಸಿಗೆ ಹೋಗ್ತಿಲ್ಲ ಕಣೋ. ಫೈಲಿನ ವಾಸನೇನೇ ಇಲ್ಲ. ಹೊಸ ಸಿಮೆಂಟು, ಮಷೀನ್ ಎಣ್ಣೆ. ಕಾಂದಿವಲಿ."

"ಕಾಂದಿವಲೀಲಿ ನಮ್ಮೋರು ಯಾರಿದ್ದಾರೆ?"

"ಯಾರೂ ಇಲ್ಲ. ಅದೇ ಮತ್ತೆ!"

ಅಮ್ಮನಿಗೆ ಹೇಳೋಣ ಎಂದೆ. "ಹೇಗೆ ಗೊತ್ತಾಯ್ತು ಅಂದ್ರೆ ಏನ್ ಹೇಳ್ತೀಯ?" ಎಂದಳು. ನೀನೊಬ್ಬಳೇ ಹೋಗಿ ನೋಡಿಕೊಂಡು ಬಾ, ನಾನು ಬರಲ್ಲ ಎಂದೆ. ಅಕ್ಕ ಬಗ್ಗಿ ನನ್ನ ಕತ್ತಿನ ಬಳಿ ಮೂಗು ತಂದಳು.

"ಬರ್ತೀಯ. ನಿನ್ನ ಹತ್ರಾನೂ ಕಾಂದಿವಲಿ ಬರ್ತಿದೆ."

ಶಕ್ತಿಯಿರುವವರ ಜೊತೆ ಬದುಕುವುದು ಎಷ್ಟು ಕಷ್ಟವೆಂದು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. "ಕೆಳಗೆ ಆಡೋಕೆ ಹೋಗ್ತೀವಿ" ಎಂದು ಅಡುಗೆಮನೆಯತ್ತ ಕೂಗಿ ನಾವು ಓಡಿದೆವು. ಅಕ್ಕ ಕೂಡಿಟ್ಟಿದ್ದ ಚಿಲ್ಲರೆಯಲ್ಲಿ ಟಿಕೆಟ್ ಬಂತು.

ಅಪ್ಪನ ಬಿಳಿ ಅಂಗಿ ಮುಂದೆ, ನಾವು ಹಿಂದೆ. ಅವರು ದಾದರ್‌ನಲ್ಲಿ ಇಳಿದರು. ವಿ.ಟಿ.ಗೆ ಹೋಗುವವರು ದಾದರ್‌ನಲ್ಲಿ ಇಳಿಯಬೇಕಾಗಿಯೇ ಇಲ್ಲ. ಮೇಲ್ಸೇತುವೆ ಹತ್ತಿದರು. ಕೆಳಗಿನ ಹೂವಿನ ಮಾರ್ಕೆಟ್ಟಿನಿಂದ ತುಳಿದ ಸೇವಂತಿಗೆಯ ವಾಸನೆ ನನಗೂ ಬಂತು. ಬೆವರು, ವಡಾ ಕರಿದ ಎಣ್ಣೆ, ಯಾರದೋ ಬುಟ್ಟಿಯ ಕೊತ್ತಂಬರಿ. ನಾನು ಎರಡು ಕೈಯಲ್ಲೂ ಅಕ್ಕನ ಲಂಗ ಹಿಡಿದಿದ್ದೆ. ಅಪ್ಪ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಬೋರಿವಲಿ ಕಡೆಯ ಗಾಡಿ ಬಂದಾಗ, ಇನ್ನೂ ಪೂರ್ತಿ ನಿಲ್ಲುವ ಮೊದಲೇ ಹತ್ತಿಬಿಟ್ಟರು. ಹೀಗೆ ಹತ್ತಬಾರದು ಎಂದು ನಮಗೆ ದಿನಾ ಬುದ್ಧಿ ಹೇಳುತ್ತಿದ್ದ ಅಪ್ಪ! ಇದನ್ನೂ ನಾನು ಮನಸ್ಸಿನಲ್ಲಿ ಬರೆದುಕೊಂಡೆ.

ನಾವು ಪಕ್ಕದ ಬೋಗಿ ಹತ್ತಿದೆವು. ಅಕ್ಕ ಹುಡುಕಿಕೊಟ್ಟ ಸೀಟಿನಲ್ಲಿ ಕೂತು, ಕಿಟಕಿಯ ಸರಳಿಗೆ ಕೆನ್ನೆ ಒತ್ತಿ, ಪ್ರತಿ ಸ್ಟೇಷನ್ನಿನಲ್ಲೂ ಬಿಳಿ ಅಂಗಿ ಇಳಿಯಿತೇ ಎಂದು ನೋಡುತ್ತಿದ್ದೆ. ಎಲ್ಲಾ ಸ್ಟೇಷನ್ನಿನಲ್ಲೂ ನೂರಾರು ಬಿಳಿ ಅಂಗಿಗಳು ಇಳಿದವು. ಬಾಂದ್ರಾ ದಾಟಿದ ಮೇಲೆ ಗಾಳಿ ಬದಲಾಯಿತು. ಕೆಸರು, ಉಪ್ಪು, ಹುಲ್ಲು. ಇಷ್ಟು ದೂರ ನಾನು ಅಮ್ಮನಿಲ್ಲದೆ ಬಂದೇ ಇರಲಿಲ್ಲ.

ಕಾಂದಿವಲಿಯಲ್ಲಿ ಅಪ್ಪ ಇಳಿದರು. ನಾವೂ ಇಳಿದು ಒಂದು ಚಹಾದಂಗಡಿಯ ಹಿಂದೆ, ಸೋಡಾ ಬಾಟಲಿಗಳ ಪೆಟ್ಟಿಗೆಗಳ ಮರೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತೆವು. ಈಗ ಅಪ್ಪ ಹೊರಗೆ ಹೋಗುತ್ತಾರೆ, ಯಾವ ಮನೆಗೆ ಹೋಗುತ್ತಾರೆ ನೋಡಬಹುದು ಎಂದುಕೊಂಡರೆ ಅವರು ಹೋಗಲೇ ಇಲ್ಲ. ಪ್ಲಾಟ್‌ಫಾರಂ ಮೇಲೆಯೇ ನಿಂತರು. ಇನ್ನೊಂದು ಗಾಡಿ ಬಂತು. ಇಳಿದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದರು. ಲೇಡೀಸ್ ಬೋಗಿಯ ಕಡೆಗೂ ಓಡಿಹೋಗಿ ಇಣುಕಿದರು. ಗಾಡಿ ಹೋಯಿತು. ಮತ್ತೊಂದು ಬಂತು; ಮತ್ತೆ ಅದೇ.

"ಯಾರಿಗೋ ಕಾಯ್ತಿದ್ದಾರೆ," ಎಂದಳು ಅಕ್ಕ.

ಬಿಸಿಲು ಏರಿತು. ಪೆಟ್ಟಿಗೆಯ ಕಬ್ಬಿಣದ ಪಟ್ಟಿ ಸುಡತೊಡಗಿತು. ಅಪ್ಪನ ಅಂಗಿಯ ಬೆನ್ನು ಒದ್ದೆಯಾಗಿ ಮೈಗಂಟಿತ್ತು. ಅವರನ್ನು ಅಷ್ಟು ಕಂಗಾಲಾಗಿ ನಾನು ನೋಡಿರಲೇ ಇಲ್ಲ. ಕೊನೆಗೆ ಚಹಾದವನ ಬಳಿಗೇ ಬಂದರು. ನಮಗೂ ಅವರಿಗೂ ನಡುವೆ ಒಂದು ಹಲಗೆ ಮಾತ್ರ. ನಾವು ಉಸಿರು ಹಿಡಿದೆವು.

"ಭಾಯ್, ಇಧರ್ ಏಕ್ ಲಡಕೀ ಔರ್ ಏಕ್ ಲಡಕಾ ದೇಖಾ ಕ್ಯಾ?" ಎಂದು ಅಪ್ಪ ತಮ್ಮ ಮೈಸೂರು ಹಿಂದಿಯಲ್ಲಿ ಕೇಳಿದರು. ಕೈಯನ್ನು ಎದೆಯ ಕೆಳಗೆ ಹಿಡಿದು ಹುಡುಗಿ ಇಷ್ಟೆತ್ತರ ಎಂದು ತೋರಿಸಿದರು. ಇನ್ನೂ ಸ್ವಲ್ಪ ಕೆಳಗಿಳಿಸಿ, ಹುಡುಗ ಇಷ್ಟೆತ್ತರ. ಹುಡುಗ ಸ್ವಲ್ಪ ಪುಕ್ಕಲು, ಹುಡುಗಿ ಅವನ ಕೈ ಹಿಡಿದಿರುತ್ತಾಳೆ ಎಂದೂ ಹೇಳಿದರು.

ನನಗೆ ಎಲ್ಲವೂ ಅರ್ಥವಾಗಿಬಿಟ್ಟಿತು. ಅಪ್ಪನಿಗೆ ಕಾಂದಿವಲಿಯಲ್ಲಿ ಬೇರೆ ಮಕ್ಕಳಿದ್ದಾರೆ. ನಮ್ಮಂತೆಯೇ ಇಬ್ಬರು, ನಮ್ಮಷ್ಟೇ ಎತ್ತರ. ಅಲ್ಲೂ ಒಬ್ಬ ಪುಕ್ಕಲನಿದ್ದಾನೆ. ಆ ಪುಕ್ಕಲನಿಗಾಗಿ ಅಪ್ಪ ಬಿಸಿಲಿನಲ್ಲಿ ಹೀಗೆ ಹಂಬಲಿಸುತ್ತಿದ್ದಾರೆ. ನನಗಾಗಿ ಅವರು ಯಾವತ್ತಾದರೂ ಹೀಗೆ ಕಾದಿದ್ದರೇ? ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಅಕ್ಕ ಕೈ ಹಿಡಿಯುವಷ್ಟರಲ್ಲಿ ಪೆಟ್ಟಿಗೆಗಳನ್ನು ಒದ್ದುಕೊಂಡು ಹೊರಗೆ ಬಂದೆ.

"ಯಾರವನು?" ಎಂದು ಕಿರುಚಿದೆ.

ಅಪ್ಪ ತಿರುಗಿದರು.

"ಯಾರವನು, ಇಷ್ಟೆತ್ತರದ ಹುಡುಗ? ನನಗಿಂತ ಚೆನ್ನಾಗಿದ್ದಾನಾ?"

ಅಪ್ಪ ಆ ಕೊಳಕು ಪ್ಲಾಟ್‌ಫಾರಂ ಮೇಲೆ ಮಂಡಿಯೂರಿ ನನ್ನನ್ನೂ, ಹಿಂದಿನಿಂದ ಓಡಿಬಂದ ಅಕ್ಕನನ್ನೂ ಒಟ್ಟಿಗೆ ತಬ್ಬಿದರು. ನನ್ನ ನೆತ್ತಿ ಮೂಸಿದರು, ಅಕ್ಕನದು ಮೂಸಿದರು. "ಸಯನ್," ಎಂದರು. ಮತ್ತೆ ಮೂಸಿ, "ಸಯನ್. ಅಬ್ಬ! ಮನೆಗೇ ಹೋಗ್ತಿದ್ದೀರಿ."

ಅಕ್ಕ ಅವರನ್ನು ದೂರ ತಳ್ಳಿ ಮುಖ ನೋಡಿದಳು. "ಅಪ್ಪ, ನಿಮಗೂ ಬರುತ್ತಾ?"

"ನಿನಗೂನಾ?" ಎಂದರು ಅಪ್ಪ.

ಬೆಂಚಿನ ಮೇಲೆ ಕೂತು ಅವರು ಹೇಳಿದ್ದಿಷ್ಟು. ಆ ಬೆಳಿಗ್ಗೆ ನಮ್ಮಿಬ್ಬರ ನೆತ್ತಿಯಲ್ಲೂ ಅವರಿಗೆ ಕಾಂದಿವಲಿಯ ವಾಸನೆ ಬಂತು. ಅಮ್ಮನ ಬಳಿ ಹೋಗಿ ನಿಂತರೆ ಅಲ್ಲಿ ಬರಲಿಲ್ಲ. ಅಂದರೆ ಮಕ್ಕಳಿಬ್ಬರೇ ಹೋಗುತ್ತಾರೆ, ಯಾರಿಗೂ ಹೇಳದೆ. ಕೇಳಿದರೆ ಇಲ್ಲ ಅನ್ನುತ್ತಾರೆ. ನಮಗಿಂತ ಮೊದಲೇ ಬಂದು ಹಿಡಿಯೋಣವೆಂದು ಹೊರಟರು.

"ಮನೆ ಬಿಟ್ಟು ಓಡಿಹೋಗ್ತಿದ್ದೀರಿ ಅಂದ್ಕೊಂಡೆ ಕಣ್ರೋ."

"ನೀವು ಓಡಿಹೋಗ್ತಿದ್ದೀರಿ ಅಂದ್ಕೊಂಡ್ವಿ ನಾವು," ಎಂದೆ. ಕೆಳಗಿನ ಮನೆಯ ಗೆಳೆಯನ ಅಪ್ಪನ ಹಾಗೆ ಎಂದೂ ಸೇರಿಸಿದೆ.

"ಓಡಿಹೋಗೋನು ಹಾಫ್ ಡೇ ರಜ ಹಾಕ್ತಾನೇನೋ?" ಎಂದು ಅಪ್ಪ ನನ್ನ ತಲೆಯ ಮೇಲೆ ಮೊಟಕಿದರು.

ಅವರಿಗೆ ಈ ಮೂಗು ಬಂದದ್ದು ನಮ್ಮ ಅಜ್ಜಿಯಿಂದ. ಮೈಸೂರಿನಲ್ಲಿ, ಮುಂಬಯಿಯ ಕೆಲಸದ ಸುದ್ದಿಯೇ ಇಲ್ಲದ ಕಾಲಕ್ಕೆ, ಅಜ್ಜಿ ಒಂದು ಬೆಳಿಗ್ಗೆ ಮಗನ ನೆತ್ತಿ ಮೂಸಿ, ಏನೂ ಹೇಳದೆ ಒಳಗೆ ಹೋಗಿ ಡಬ್ಬದ ತುಂಬ ಚಟ್ನಿಪುಡಿ ಕುಟ್ಟಲು ಕೂತರಂತೆ. ಯಾಕಮ್ಮ ಇಷ್ಟೊಂದು ಎಂದು ಕೇಳಿದರೆ, "ಬೇಕಾಗುತ್ತೆ" ಎಂದರಂತೆ.

ಅಕ್ಕನಿಗೆ ಇನ್ನೂ ಸಮಾಧಾನವಿರಲಿಲ್ಲ. ನಾವು ಬಂದದ್ದು ಅಪ್ಪ ಬಂದದ್ದಕ್ಕೆ, ಅಪ್ಪ ಬಂದದ್ದು ನಾವು ಬರುತ್ತೇವೆಂದು. ಹಾಗಾದರೆ ಕಾಂದಿವಲಿಯಲ್ಲಿ ಕೆಲಸವಿದ್ದದ್ದು ಯಾರಿಗೆ? ಮೂವರೂ ಯೋಚಿಸಿದೆವು. ಯಾರಿಗೂ ಇರಲಿಲ್ಲ. ಅಷ್ಟು ಒಳ್ಳೆಯ ಮೂಗು ಎರಡು, ಅದರ ಜೊತೆಗೆ ನನ್ನ ಅನುಮಾನ. ಎಲ್ಲ ಸೇರಿ ನಮ್ಮನ್ನು ಸುಮ್ಮಸುಮ್ಮನೆ ಇಷ್ಟು ದೂರ ತಂದು ಹಾಕಿದ್ದವು. ಅಪ್ಪನಿಗೆ ನಗು ಬಂತು, ಅಕ್ಕನಿಗೂ ಬಂತು. ನಾನು ಮಾತ್ರ ಆ ಇಷ್ಟೆತ್ತರದ ಹುಡುಗ ಎಲ್ಲಾದರೂ ಇದ್ದಾನೇನೋ ಎಂದು ಪ್ಲಾಟ್‌ಫಾರಂನ ಎರಡೂ ಕಡೆ ಇನ್ನೊಮ್ಮೆ ನೋಡಿಕೊಂಡೆ.

ಅಪ್ಪ ಡಬ್ಬಿ ಬಿಚ್ಚಿ ನಮ್ಮ ಮುಂದಿಟ್ಟು, ತಾವು ಒಂದು ಚಹಾ ಕುಡಿದರು. ನಮ್ಮನ್ನು ಸಯನ್‌ನಲ್ಲಿ ಇಳಿಸಿ ಆಫೀಸಿಗೆ ಹೋದರು. ನಾವು ಮನೆ ಸೇರಿದಾಗ ಅಮ್ಮ, "ಇಷ್ಟು ಹೊತ್ತು ಆಟಾನಾ? ಮುಖ ನೋಡಿ, ಇದ್ದಿಲಂಗಡಿ," ಎಂದು ಬೈದು ಸ್ನಾನಕ್ಕೆ ಅಟ್ಟಿದಳು.

ಈಗ ನಿಮ್ಮ ಅಮ್ಮನ ಫೋನಿನಲ್ಲೂ ನಿಮ್ಮ ಈ ಅಜ್ಜನ ಫೋನಿನಲ್ಲೂ ಒಂದು ನೀಲಿ ಚುಕ್ಕೆ ಇದೆ. ಶಾಲೆಯ ಬಸ್ಸು ಎಲ್ಲಿದೆ, ನೀವು ಈಜಲು ಹೋದಿರೋ ಇಲ್ಲವೋ ಎಲ್ಲವನ್ನೂ ಅದು ಹೇಳುತ್ತದೆ. ನಮ್ಮ ಕಾಲದಲ್ಲಿ ಬಾಗಿಲು ದಾಟಿದವರು ತಿರುಗಿ ಬರುವವರೆಗೆ ಎಲ್ಲೂ ಇರುತ್ತಿರಲಿಲ್ಲ. ಅವರಿರುತ್ತಿದ್ದದ್ದು ಮನೆಯಲ್ಲಿದ್ದವರ ತಲೆಯೊಳಗೆ ಮಾತ್ರ. ಆ ಚುಕ್ಕೆ ಬಂದ ಮೇಲೆ ನನ್ನಂಥವರ ಚಿಂತೆ ಹೋಗಬೇಕಿತ್ತು. ಹೋಗಿಲ್ಲ. ಚುಕ್ಕೆ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ನಾನು ನಿಮ್ಮ ಅಮ್ಮನಿಗೆ ಫೋನ್ ಮಾಡುತ್ತೇನೆ. "ಅಪ್ಪ, ಟ್ರಾಫಿಕ್ಕು," ಎನ್ನುತ್ತಾಳೆ. ನಾನು ನಂಬುವುದಿಲ್ಲ. ಚುಕ್ಕೆಗೆ ಎಲ್ಲಿದ್ದೀರಿ ಎಂಬುದು ಗೊತ್ತು, ಎಲ್ಲಿಗೆ ಹೊರಟಿದ್ದೀರಿ ಎಂಬುದು ಗೊತ್ತಿಲ್ಲವಲ್ಲ.

ಅಷ್ಟೊಂದು ಕೆಡಬಹುದಾಗಿದ್ದ ಆ ದಿನ ಏನೂ ಕೆಡಲೇ ಇಲ್ಲವೇ ಎಂದರೆ, ಒಂದು ಕೆಟ್ಟಿತು. ಸಂಜೆ ಅಮ್ಮ ಡಬ್ಬಿ ತೊಳೆಯುತ್ತಾ, "ಇವತ್ತು ಹುಳಿ ಹೇಗಿತ್ತು?" ಎಂದು ಕೇಳಿದಳು.

"ಬೊಂಬಾಟಾಗಿತ್ತು," ಎಂದರು ಅಪ್ಪ, ಪೇಪರಿನಿಂದ ತಲೆ ಎತ್ತದೆ.

ಆ ಬೆಳಿಗ್ಗೆ ನಲ್ಲಿ ಬೇಗ ನಿಂತುಹೋದ ಗಡಿಬಿಡಿಯಲ್ಲಿ ಅಮ್ಮ ಹುಳಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅಪ್ಪ ಹೊರಟುಹೋದ ಮೇಲೆ ಅದು ಅವಳಿಗೆ ಗೊತ್ತಾಗಿತ್ತು. ತಿಂದಿದ್ದ ನಮಗಿಬ್ಬರಿಗೂ ಗೊತ್ತಿತ್ತು. ಅಕ್ಕ ನನ್ನ ಕಾಲು ತುಳಿದಳು. ಅಮ್ಮ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅಪ್ಪನ ಮುಂದೆ ಬಂದು ನಿಂತಳು.

"ಮಧ್ಯಾಹ್ನ ಯಾರ ಮನೇಲಿ ಊಟ ಮಾಡಿದ್ರಿ?"